ಬ್ಯಾಟರಿ ಸ್ಕೂಟರ್ ಕಾರಿಗೆ ಹತ್ತಿಸೋಕೆ ಎಂಥ ಲಿಫ್ಟ್ ಒಳ್ಳೇದು?

ಕೇಳಿದವರು, ಕೊಪ್ಪಳ:
ಅವ್ವನ ನಾಲ್ಕು ಗಾಲಿಯ ಬ್ಯಾಟರಿ ಸ್ಕೂಟರ್ (ನಡೆಯೋಕೆ ಕಷ್ಟ ಆದೋರು ಕೂತು ಓಡಾಡೋದು) ಐತಿ, 52 ಕೆ.ಜಿ. ಕಾರು ಪೆಟ್ರೋಲ್ ಎರ್ಟಿಗಾ. ಎತ್ತಿ ಇಡೋರು ಅಪ್ಪ ಒಬ್ರೇ, ಅವರಿಗೂ ಸೊಂಟ ನೋವು. ಬಳ್ಳಾರಿ ಆಸ್ಪತ್ರೆಗೆ, ಹುಲಿಗೆಮ್ಮನ ಗುಡಿಗೆ ಕರ್ಕೊಂಡು ಹೋಗಬೇಕು. ಡಿಕ್ಕಿಯೊಳಗೆ ಕೂರಿಸೋ ಹಾಯ್ಸ್ಟ್ (ಮೋಟರಿಂದ ಎತ್ತೋ ತೋಳು) ತಗೊಳ್ಳೋದೋ, ಹಿಂದೆ ಹೊರಗಡೆ ಕೂರೋ ಪ್ಲಾಟ್‌ಫಾರ್ಮೋ, ಬರೀ ರ‍್ಯಾಂಪ್ ಸಾಕೋ? ಗೊತ್ತಿದ್ದೋರು ಹೇಳ್ರಿ.

ಬಳ್ಳಾರಿಯಿಂದ:
ಹಾಯ್ಸ್ಟ್ ನೋಡೋಕೆ ಮುಂಚೆ ಟೇಪ್ ಹಿಡೀರಿ. ಡಿಕ್ಕಿ ಬಾಗಿಲು ಪೂರ್ತಿ ಎತ್ತಿ, ಬಾಯಿ ಎಲ್ಲಿ ಎಲ್ಲಕ್ಕಿಂತ ಕಿರಿದೋ ಅಲ್ಲಿ ಎತ್ತರ, ಅಗಲ ಅಳೀರಿ. ಮೂರನೇ ಸಾಲಿನ ಸೀಟು ಮಡಚಿ ಒಳಗಿನ ಉದ್ದ ನೋಡ್ರಿ. ಆಮೇಲೆ ಸ್ಕೂಟರಿನ ಸೀಟು ತೆಗೆದು, ಹ್ಯಾಂಡಲ್ ಮಡಚಿ ಅದರ ಎತ್ತರ. ಇದರ ಮೇಲೆ ಕೊಕ್ಕೆ, ಬೆಲ್ಟು, ಹಾಯ್ಸ್ಟಿನ ತೋಳು ಇನ್ನಷ್ಟು ಜಾಗ ತಿಂತಾವೆ. ಸ್ಕೂಟರ್ ಬಂಪರಿನ ಅಂಚು ದಾಟಬೇಕು, ತೋಳು ಮೇಲಿನ ಚೌಕಟ್ಟಿಗೆ ತಾಗಬಾರದು. ಎಲ್ಲ ಕೂಡಿಸಿ 5 ಸೆಂ.ಮೀ. ಉಳಿಯದಿದ್ರೆ ಎಷ್ಟೇ ಒಳ್ಳೆ ಹಾಯ್ಸ್ಟ್ ಆದ್ರೂ ಬಿಟ್ಟುಬಿಡ್ರಿ.

52 ಕೆ.ಜಿ. ಅನ್ನೋದು ಬ್ಯಾಟರಿ ಸೇರಿಯೋ, ಬಿಟ್ಟೋ? ಕಾಗದದಲ್ಲಿ ಬ್ಯಾಟರಿ ಬಿಟ್ಟ ತೂಕ ಬರೆದಿರೋದುಂಟು. ಕಾಳಿನ ಅಂಗಡಿ ಕಾಟಾ ಮೇಲೆ ಒಮ್ಮೆ ಇಟ್ಟು ನೋಡ್ರಿ. 52 ನಿಜವಾದ್ರೆ 80 ಕೆ.ಜಿ. ಎತ್ತೋದನ್ನೇ ತಗೊಳ್ಳಿ, ಅಂಚಿಗೆ ಅಂಚು ಬೇಡ.

ಹಾಯ್ಸ್ಟಲ್ಲಿ ಎರಡು ಬಗೆ. ಒಂದರಲ್ಲಿ ಏರಿಸಿ ಇಳಿಸೋದು ಮಾತ್ರ ಮೋಟರ್, ಒಳಗೆ ತಿರುಗಿಸೋದು ಕೈಯಿಂದ. ಇನ್ನೊಂದರಲ್ಲಿ ಎರಡಕ್ಕೂ ಮೋಟರ್. ಸೊಂಟ ನೋವಿದ್ದವರಿಗೆ ಎರಡನೇದೇ ಬೇಕು. ಕಾರು ಒಂದು ಕಡೆ ವಾಲಿ ನಿಂತಿದ್ರೆ ತೂಗಾಡೋ ಸ್ಕೂಟರ್ ತಾನಾಗಿ ತಗ್ಗಿನ ಕಡೆ ತಿರುಗತೈತಿ, ಅದನ್ನು ಕೈಯಲ್ಲಿ ತಡೆಯೋದು ಎತ್ತೋದಕ್ಕಿಂತ ಸುಲಭ ಅಲ್ಲ. ಹ್ಯಾಂಡಲ್‌ಗೆ ಮಾತ್ರ ಕೊಕ್ಕೆ ಹಾಕಬೇಡ್ರಿ, ಕಂಪನಿ ತೋರಿಸಿದ ಜಾಗಕ್ಕೇ ಹಾಕಬೇಕು. ಬ್ಯಾಟರಿ ತೆಗೆದು ಎತ್ತೋದೋ, ಇಟ್ಟು ಎತ್ತೋದೋ ಮೊದಲೇ ಗಟ್ಟಿ ಮಾಡ್ಕೊಳ್ಳಿ. ಬ್ಯಾಟರಿ ತೆಗೆದ್ರೆ ತೂಕದ ನಡು ಸರಿದು ಸ್ಕೂಟರ್ ಮೂತಿ ಕೆಳಗಾಗಿ ತೂಗತೈತಿ.

ಗಂಗಾವತಿ, ಆಟೋ ಎಲೆಕ್ಟ್ರಿಷಿಯನ್:
ವೈರಿಂದ ಹೇಳ್ತೀನಿ ರೀ. ಎರ್ಟಿಗಾದ ಬ್ಯಾಟರಿ ಮುಂದೆ, ಹಾಯ್ಸ್ಟ್ ಹಿಂದೆ. ವೈರ್ 5 ಮೀಟರ್ ಅಂದ್ಕೊಳ್ರಿ, ಹೋಗಿ ಬರೋದು 10 ಮೀಟರ್. ಮೋಟರ್ 25 ಆಂಪ್ಸ್ ಎಳೆದ್ರೆ 2.5 ಚದರ ಮಿ.ಮೀ. ತಾಮ್ರದ ವೈರಲ್ಲಿ 1.7 ವೋಲ್ಟ್ ಅಲ್ಲೇ ಕಳೀತೈತಿ. ಮೋಟರ್ ಉಸಿರುಗಟ್ಟಿದಂಗೆ ನಿಧಾನ ಆಗಿ ಕಾಯ್ತೈತಿ, ರಿಲೇ (ಮೋಟರಿಗೆ ಕರೆಂಟ್ ಬಿಡೋ ಸ್ವಿಚ್ಚು) ಕಟಕಟ ಅಂತೈತಿ, ಜನ ಮೋಟರ್ ಕೆಟ್ಟೈತಿ ಅಂತ ಬಿಚ್ತಾರ. 6 ಚದರ ಮಿ.ಮೀ. ಹಾಕಿದ್ರೆ ನಷ್ಟ 0.7 ವೋಲ್ಟ್, 10 ಹಾಕಿದ್ರೆ 0.4. ಹತ್ತೇ ಹಾಕಿಸ್ರಿ. ಫ್ಯೂಸ್ ಹಾಯ್ಸ್ಟ್ ಹತ್ರ ಅಲ್ಲ, ಬ್ಯಾಟರಿ ಪ್ಲಸ್‌ನಿಂದ ಒಂದು ಗೇಣಿನೊಳಗ ಇರಬೇಕು. ನಡುವೆ ವೈರ್ ಉಜ್ಜಿ ಬಾಡಿಗೆ ತಾಗಿದ್ರೂ ಅದು ಹೋಗ್ತೈತಿ, ಬೆಂಕಿ ಹತ್ತಲ್ಲ. ಸಿಗರೇಟ್ ಲೈಟರ್ ಸಾಕೆಟ್‌ನಿಂದ ತಗೀಬ್ಯಾಡ್ರಿ, ಅದು ಸಾಮಾನ್ಯವಾಗಿ 10 ಆಂಪ್ಸ್‌ದು. ಎತ್ತುವಾಗ ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಎಳೆದು ಇಂಜಿನ್ ಚಾಲೂ ಇಡ್ರಿ.

ರಾಯಚೂರಿನಿಂದ:
ಹಾಯ್ಸ್ಟಿಗೆ ಅಷ್ಟು ದುಡ್ಡು ಸುರಿಯೋ ಮುಂಚೆ ರ‍್ಯಾಂಪ್ ಲೆಕ್ಕನೂ ಹಾಕ್ರಿ. ಡಿಕ್ಕಿಯ ಅಂಚು ನೆಲದಿಂದ 60 ಸೆಂ.ಮೀ. ಇದ್ದು ರ‍್ಯಾಂಪ್ 1.8 ಮೀ. ಆದ್ರೆ, 52 ಕೆ.ಜಿ. ಸ್ಕೂಟರ್ ತಳ್ಳೋಕೆ 17 ಕೆ.ಜಿ. ಬಲ ಬೇಕು. ರ‍್ಯಾಂಪ್ 2.4 ಮೀ. ಆದ್ರೆ 13. ಸ್ಕೂಟರಿನದೇ ಮೋಟರ್‌ನಿಂದ, ಪಕ್ಕದಲ್ಲಿ ನಿಂತು ಕಡಿಮೆ ವೇಗದಲ್ಲಿ ಹತ್ತಿಸಿದ್ರೆ ಅದೂ ಇಲ್ಲ. ಆದ್ರೆ ಅಷ್ಟು ಏರು ಹತ್ತತೈತಾ ಅಂತ ಮ್ಯಾನ್ಯುವಲ್ ನೋಡ್ರಿ. ಮೇಲೆ ಜನ ಕೂತು ಹತ್ತಿಸೋದು ಬೇಡವೇ ಬೇಡ. ರ‍್ಯಾಂಪಿನ ತುದಿ ಕಾರಿಗೆ ಬೆಲ್ಟಿನಿಂದ ಕಟ್ಟಿರಬೇಕು. ಹಿಂದಿನ ಗಾಲಿ ಒದ್ದಾಗ ಅದು ಜಾರೋದು ಅಲ್ಲೇ. ಮೂರು ಗಾಲಿ ಸ್ಕೂಟರ್ ಇರೋರು ಎರಡು ಪಟ್ಟಿಯ ರ‍್ಯಾಂಪ್ ತರಬೇಡ್ರಿ, ಮುಂದಿನ ಗಾಲಿಗೆ ದಾರಿನೇ ಇರಲ್ಲ.

ಬಳ್ಳಾರಿಯವರು, ಮತ್ತೆ:
ರಾಯಚೂರಿನವರು ಹೇಳಿದ್ದು ಎತ್ತರದ ವ್ಯಾನಿಗೆ ಸರಿ. ಎರ್ಟಿಗಾದಲ್ಲಿ ಸ್ಕೂಟರ್ ಒಳಗೆ ಹೋದ ಮೇಲೆ ಅದರ ಹಿಂದೆ ಬಗ್ಗಿಕೊಂಡು ಹ್ಯಾಂಡಲ್ ಮಡಚಬೇಕು. ಸೊಂಟಕ್ಕೆ ಏಟು ಬೀಳೋದು ಆ ಬಗ್ಗೋದರಿಂದಲೇ. ಅಪ್ಪನೊಬ್ಬರೇ ಅಂದ್ರೆ ನನ್ನ ಮತ ಹಾಯ್ಸ್ಟಿಗೇ.

ಸಂಡೂರಿನಿಂದ:
ಹೊರಗಿನ ಪ್ಲಾಟ್‌ಫಾರ್ಮ್ ಬಿಡ್ರಿ. ಅದಕ್ಕೆ ಹಿಂದೆ ಗಟ್ಟಿ ಹಿಚ್ (ಕಾರಿನ ಹಿಂದೆ ಜೋಡಿಸೋ ಕೊಂಡಿ) ಬೇಕು, ಎರ್ಟಿಗಾಕ್ಕೆ ಕಂಪನಿಯಿಂದ ಬರಲ್ಲ. ಪ್ಲಾಟ್‌ಫಾರ್ಮಿನ ತೂಕ, ಸ್ಕೂಟರಿನ ತೂಕ ಎರಡೂ ಹಿಂದಿನ ಗಾಲಿಗಿಂತ ಆಚೆ ತೂಗಿ ಕಾರಿನ ಬೆನ್ನು ಬಗ್ಗಿಸ್ತಾವೆ, ನಮ್ಮ ಊರ ಹಂಪ್‌ಗಳಲ್ಲಿ ತಳ ಉಜ್ಜತೈತಿ. ನಂಬರ್ ಪ್ಲೇಟ್, ಹಿಂದಿನ ದೀಪ ಮುಚ್ಚಿದ್ರೆ ದಂಡ. ಮೋಟಾರು ವಾಹನ ಕಾಯ್ದೆ ಸೆಕ್ಷನ್ 52ರಲ್ಲಿ ವಾಹನದ ಮಾರ್ಪಾಟಿನ ಮಾತು ಬರೋದರಿಂದ, ಏನೇ ಕೂರಿಸೋದಿದ್ರೂ ಕೊಪ್ಪಳ ಆರ್‌ಟಿಒದಲ್ಲಿ ಮೊದಲು ಕೇಳಿ, ಇನ್ಶೂರೆನ್ಸಿನವರಿಗೂ ಬರೆದು ತಿಳಿಸ್ರಿ. ಅದಿರು ಲಾರಿ ಹಿಂದೆ ಹೋಗಬೇಕಾದ್ರೆ ಕೆಂಪು ದೂಳು ಸ್ಕೂಟರಿನ ಸ್ವಿಚ್ಚಿನೊಳಗೆಲ್ಲ ಹೊಕ್ಕತೈತಿ, ಅದು ಬೇರೆ.

ಕೇಳಿದವರು:
ಇಲ್ಲೇ ವೆಲ್ಡಿಂಗ್ ಅಂಗಡಿಯಲ್ಲಿ 12 ವೋಲ್ಟ್ ವಿಂಚ್ ಹಾಕಿ ಮಾಡಿಸಿದ್ರೆ ಅಗ್ಗ ಆಗಲ್ವೇ?

ಸಿಂಧನೂರು, ಫ್ಯಾಬ್ರಿಕೇಶನ್ ಕೆಲಸ:
ಬ್ಯಾಡ್ರಿ ಅಣ್ಣಾರ. ಕೆಸರಿಂದ ಗಾಡಿ ಎಳೆಯೋ ವಿಂಚು ಎಳೆಯೋಕೆ ಮಾಡಿದ್ದು, ತೂಗು ಹಾಕೋಕಲ್ಲ. ತೂಕ ಹಿಡಿದು ನಿಲ್ಲಿಸೋ ಬ್ರೇಕ್ ಅದರಾಗ ನಂಬೋಹಂಗ ಇರಲ್ಲ, ಕೆಳಗ ಅಪ್ಪನ ಕಾಲಿರತೈತಿ. ಕೊಂಡ ಹಾಯ್ಸ್ಟ್ ಕೂರಿಸೋ ಕೆಲಸ ಮಾತ್ರ ಇಲ್ಲಿ ಮಾಡಿಸಬಹುದು, ಅದರಾಗೂ ಲೆಕ್ಕ ನೋಡ್ರಿ: ತೋಳು 70 ಸೆಂ.ಮೀ. ಚಾಚಿ 52 ಕೆ.ಜಿ. ತೂಗಿದ್ರೆ, 15 ಸೆಂ.ಮೀ. ಅಂತರದ ಬೋಲ್ಟುಗಳ ಮ್ಯಾಲ ಸುಮಾರು 240 ಕೆ.ಜಿ. ಎಳೆತ. ಡಿಕ್ಕಿಯ ತೆಳು ತಗಡು ಬರೀ ವಾಷರ್‌ಗೆ ಹರೀತೈತಿ. ಕೆಳಗಡೆಯಿಂದ 5 ಮಿ.ಮೀ. ದಪ್ಪದ ಅಗಲ ಪ್ಲೇಟ್ ಕೊಟ್ಟು, ಲಾಕ್ ನಟ್ ಹಾಕಿಸ್ರಿ. ಡ್ರಿಲ್ ಹಿಡಿಯೋ ಮುಂಚೆ ಕಾರು ಎತ್ತಿ, ಪೆಟ್ರೋಲ್ ಟ್ಯಾಂಕ್, ಬ್ರೇಕ್ ಪೈಪ್ ಎಲ್ಲೈತಿ ಕಣ್ಣಿಂದ ನೋಡ್ರಿ. ತೂತಿನ ಅಂಚಿಗೆ ತುಕ್ಕು ಹಿಡಿಯದ ಬಣ್ಣ ಹಚ್ರಿ.

ರಾಯಚೂರಿನಿಂದ ಇನ್ನೊಬ್ಬರು:
ಒಳಗಿಟ್ಟ ಮೇಲಿನದು ಯಾರೂ ಹೇಳಿಲ್ಲ. ಸ್ಕೂಟರನ್ನು ತಳ್ಳೋಕೆ ಫ್ರೀ ವೀಲ್ ಲಿವರ್ (ಮೋಟರಿಂದ ಗಾಲಿ ಬಿಡಿಸೋದು) ಹಾಕಿರ್ತೀರಲ್ಲ, ಒಳಗೆ ಹೋದ ಕೂಡಲೇ ಡ್ರೈವ್‌ಗೆ ತರಬೇಕು; ಫ್ರೀ ವೀಲಲ್ಲಿ ಅದರ ಬ್ರೇಕ್ ಕೆಲಸ ಮಾಡಲ್ಲ. ಕೀಲಿ ತೆಗೆದು, ಲಾರಿಯವರು ಬಳಸೋ ರ‍್ಯಾಚೆಟ್ ಬೆಲ್ಟ್‌ಗಳಿಂದ ನಾಲ್ಕೂ ಮೂಲೆ ಕಟ್ರಿ. ಬೆಲ್ಟು ಹಾಯ್ಸ್ಟಿನ ಕಂಬಕ್ಕಲ್ಲ, ಪ್ಲಾಸ್ಟಿಕ್ ಹುಕ್ಕಿಗೂ ಅಲ್ಲ, ನೆಲದ ಕಬ್ಬಿಣದ ಹಿಡಿತಕ್ಕೆ. ಏಪ್ರಿಲ್, ಮೇ ಬಿಸಿಲಲ್ಲಿ ಕಾರು ನಿಲ್ಲಿಸಿ ಹೋಗೋದಾದ್ರೆ ಸ್ಕೂಟರಿನ ಬ್ಯಾಟರಿ ತೆಗೆದು ನೆರಳಿಗೆ ಒಯ್ಯಿರಿ. ಹಾಯ್ಸ್ಟಿನ ಬೆಲ್ಟಿನ ಅಂಚಲ್ಲಿ ಒಂದು ನೂಲು ಎದ್ದರೂ ಬದಲಿಸ್ರಿ, ಅದಕ್ಕೆ ಗ್ರೀಸ್ ಹಚ್ಚಬೇಡ್ರಿ, ದೂಳು ಹಿಡಿದು ಉಪ್ಪುಕಾಗದದಂಗೆ ಉಜ್ಜತೈತಿ. ಕೊಳ್ಳುವಾಗ ಬೆಲ್ಟು, ರಿಲೇ, ಕೈ ಸ್ವಿಚ್ಚು ಬಿಡಿಯಾಗಿ ಸಿಗ್ತಾವಾ, ರಿಪೇರಿಗೆ ಇಲ್ಲಿಗೆ ಯಾರು ಬರ್ತಾರ ಅಂತ ಬಿಲ್ ಮೇಲೇ ಬರೆಸ್ಕೊಳ್ಳಿ. ಕರೆಂಟ್ ಹೋದ್ರೆ ಕೈಯಿಂದ ಇಳಿಸೋ ಹ್ಯಾಂಡಲ್ ಐತೋ ಇಲ್ಲೋ ಅಂಗಡಿಯಲ್ಲೇ ಮಾಡಿ ತೋರಿಸೋಕೆ ಹೇಳ್ರಿ.