ಅಮೆರಿಕದ ಕಾಲೇಜ್ ಫುಟ್‌ಬಾಲ್ ಶೀಟ್: ರಷಿಂಗ್ ಯಾರ್ಡ್‌ಗಳು ಅಧಿಕೃತ ಲೆಕ್ಕಕ್ಕೆ ತಾಳೆಯಾಗುತ್ತಿಲ್ಲ, ದಯವಿಟ್ಟು ನೋಡಿ ಹೇಳಿ

ಕೊಲಂಬಸ್‌ವಾಸಿ:
ಮೂರು ವಾರಾಂತ್ಯಗಳನ್ನು ಈ ಶೀಟಿನ ಮುಂದೆಯೇ ಕಳೆದಿದ್ದೇನೆ, ಇನ್ನು ನನ್ನಿಂದ ಆಗುತ್ತಿಲ್ಲ. ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ತಂಡ ಆಡಿದ ಪಂದ್ಯಗಳ ಪ್ರತಿಯೊಂದು ಪ್ಲೇಯನ್ನೂ (ಆಟದ ಒಂದೊಂದು ಸರದಿಯನ್ನೂ) ಒಂದೊಂದು ಸಾಲಾಗಿ ತುಂಬಿಸಿ, ಆಟಗಾರರ ಹೆಸರಿನ ಪ್ರಕಾರ ರಷಿಂಗ್ (ಚೆಂಡು ಹಿಡಿದು ಓಡಿ ಸಾಗಿದ) ಮತ್ತು ಪಾಸಿಂಗ್ (ಚೆಂಡು ಎಸೆದು ಸಾಗಿದ) ಯಾರ್ಡ್‌ಗಳನ್ನು ಕೂಡಿಸಿದ್ದೇನೆ. ಕೆಲವು ಪಂದ್ಯಗಳಲ್ಲಿ ಎಲ್ಲವೂ ಸರಿಯಾಗಿದೆ. ಉಳಿದವುಗಳಲ್ಲಿ ನನ್ನ ರಷಿಂಗ್ ಅಧಿಕೃತ ಅಂಕಿಗಿಂತ ಹೆಚ್ಚು, ಪಾಸಿಂಗ್ ಕಡಿಮೆ. ಸೂತ್ರ ಎಲ್ಲ ಪಂದ್ಯಗಳಿಗೂ ಒಂದೇ ಆಗಿರುವಾಗ ಹೀಗೇಕೆ ಎಂಬುದು ನನಗೆ ಅರ್ಥವಾಗುತ್ತಿಲ್ಲ.

ಋತುವಿನ ಕೊನೆಯ ನಾಕೌಟ್ ಹಂತವಾದ ಪ್ಲೇಆಫ್‌ನ ಹಾಳೆಯೂ ಕೈಕೊಟ್ಟಿದೆ. ಮೊದಲ ಸುತ್ತಿನಲ್ಲಿ ಓಹಾಯೋ ಸ್ಟೇಟ್‌ಗೆ ಎದುರಾಳಿ ಅರಿಜೋನಾ ಸ್ಟೇಟ್ ಎಂದು ಅದು ತೋರಿಸುತ್ತಿದೆ. ಆ ರಾತ್ರಿಯ ಚಳಿಯಲ್ಲಿ ನಾನು ಸ್ಟೇಡಿಯಂನಲ್ಲೇ ಕುಳಿತಿದ್ದೆ. ನಾವು 42-17ರಿಂದ ಸೋಲಿಸಿದ್ದು ಟೆನೆಸ್ಸೀ ತಂಡವನ್ನು.

ಜಯನಗರದ ಪ್ರೇಕ್ಷಕ:
ಇದು ನೂರಕ್ಕೆ ನೂರು ದಿನಾಂಕದ ಸಮಸ್ಯೆ. ಕಾಲೇಜ್ ಫುಟ್‌ಬಾಲ್‌ನಲ್ಲಿ ಜನವರಿಯ ಪಂದ್ಯಗಳು ಹಿಂದಿನ ವರ್ಷದ ಋತುವಿಗೆ ಸೇರುತ್ತವೆ. 2024ರ ಋತುವಿನ ಫೈನಲ್ ಅಟ್ಲಾಂಟಾದಲ್ಲಿ ನಡೆದದ್ದು 2025ರ ಜನವರಿ 20ರ ಸಂಜೆ. ಬೆಂಗಳೂರಿನಲ್ಲಿ ನಾನು ಅದನ್ನು ನೋಡಲು ಕುಳಿತದ್ದು 21ರ ಬೆಳಗ್ಗೆ 6 ಗಂಟೆಗೆ. ನಿಮ್ಮ ಶೀಟ್ ವರ್ಷವನ್ನು ದಿನಾಂಕದಿಂದ ತೆಗೆದುಕೊಳ್ಳುತ್ತಿದ್ದರೆ ಕೊನೆಯ ಮೂರು ಪಂದ್ಯಗಳು ಬಿಟ್ಟುಹೋಗುತ್ತವೆ. ಋತು ಎಂಬ ಪ್ರತ್ಯೇಕ ಕಾಲಂ ಸೇರಿಸಿ ನೋಡಿ.

ಕೊಲಂಬಸ್‌ವಾಸಿ:
ಧನ್ಯವಾದ, ಆದರೆ ಹಾಗಾಗಿಲ್ಲ. ಸಾಮಾನ್ಯ ಋತುವಿನ 12, ಪ್ಲೇಆಫ್‌ನ 4, ಒಟ್ಟು 16 ಪಂದ್ಯಗಳೂ ಶೀಟಿನಲ್ಲಿವೆ. 14 ಗೆಲುವು, 2 ಸೋಲು ಎಂದೇ ಬರುತ್ತದೆ. ವ್ಯತ್ಯಾಸ ಕಾಣುವುದು ಒಂದೊಂದು ಪಂದ್ಯದ ಒಳಗೇ, ಅಕ್ಟೋಬರ್ ತಿಂಗಳ ಪಂದ್ಯಗಳಲ್ಲೂ ಇದೆ.

ಜಯನಗರದ ಪ್ರೇಕ್ಷಕ:
ಆದರೂ ಜನವರಿಯನ್ನು ಇನ್ನೊಮ್ಮೆ ಪರಿಶೀಲಿಸಿ. ಋತುವಿನ ಕೊನೆಯಲ್ಲಿ ನಡೆಯುವ ಬೌಲ್ ಪಂದ್ಯಗಳ ಅಂಕಿಗಳನ್ನು ಕಾಲೇಜ್ ಕ್ರೀಡೆಗಳ ಸಂಸ್ಥೆಯಾದ ಎನ್‌ಸಿಎಎ ಋತುವಿನ ಲೆಕ್ಕಕ್ಕೆ ಸೇರಿಸಲು ಆರಂಭಿಸಿದ್ದು 2002ರಲ್ಲಿ. ಅದಕ್ಕೂ ಹಿಂದಿನ ದಾಖಲೆಗಳೊಂದಿಗೆ ಹೋಲಿಸುತ್ತಿದ್ದರೆ ಹೊಂದಿಕೆಯಾಗುವುದಿಲ್ಲ. ಇದೇ ತೊಡಕಿನಲ್ಲಿ ನಾನು ಒಂದು ಇಡೀ ಬೇಸಿಗೆಯನ್ನು ಕಳೆದಿದ್ದೇನೆ.

ಪಿಟ್ಸ್‌ಬರ್ಗ್ ಮೈಸೂರಿಗ:
ಪ್ಲೇಆಫ್ ಹಾಳೆಯ ಉತ್ತರ ನನ್ನ ಬಳಿ ಇದೆ. ಟೆನೆಸ್ಸೀ ಹೆಸರು ಹೇಳಿದ್ದರಿಂದ ನೀವು ತುಂಬಿಸಿರುವುದು 2024ರ ಋತು ಎಂದು ಗೊತ್ತಾಯಿತು. ಅದನ್ನು ಮೊದಲೇ ಬರೆದಿದ್ದರೆ ಚೆನ್ನಾಗಿತ್ತು. ನಿಮ್ಮ ಸೂತ್ರ 2025ರ ನಿಯಮದ್ದು.

ನಾಲ್ಕು ತಂಡಗಳ ಪ್ಲೇಆಫ್ 2014ರಿಂದ ಹತ್ತು ಋತುಗಳ ಕಾಲ ನಡೆದು, 2024ರಲ್ಲಿ 12 ತಂಡಗಳದ್ದಾಯಿತು. ತಂಡಗಳಿಗೆ ಕ್ರಮಾಂಕ ಕೊಡುವ ಪ್ಲೇಆಫ್ ಸಮಿತಿಯ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲಿದ್ದ ಐದು ಕಾನ್ಫರೆನ್ಸ್ (ತಂಡಗಳ ಗುಂಪು) ಚಾಂಪಿಯನ್ನರಿಗೆ ಜಾಗ ಖಚಿತವಾಗಿತ್ತು, ಉಳಿದ ಏಳು ಜಾಗ ಪಟ್ಟಿಯ ಕ್ರಮದಲ್ಲಿ. 2024, 2025 ಎರಡೂ ವರ್ಷ ಇಷ್ಟರ ಮಟ್ಟಿಗೆ ನಿಯಮ ಒಂದೇ ಆಗಿತ್ತು. ಆದರೆ 2024ರಲ್ಲಿ ಮೊದಲ ನಾಲ್ಕು ಸೀಡ್‌ಗಳು (ಪ್ಲೇಆಫ್‌ನ ಜೋಡಿಗಳನ್ನು ನಿರ್ಧರಿಸುವ ಕ್ರಮಾಂಕಗಳು), ಅವುಗಳೊಂದಿಗೆ ಮೊದಲ ಸುತ್ತಿನ ಬೈ, ಅಂದರೆ ಆಡದೆಯೇ ಮುಂದಿನ ಸುತ್ತಿಗೆ ಹೋಗುವ ಅವಕಾಶ, ಚಾಂಪಿಯನ್ನರಿಗೇ ಮೀಸಲಾಗಿದ್ದವು. ಹಾಗಾಗಿ ಪಟ್ಟಿಯಲ್ಲಿ 9ನೆಯದಾಗಿದ್ದ ಬಾಯ್ಸಿ ಸ್ಟೇಟ್ 3ನೇ ಸೀಡ್ ಆಯಿತು, 12ನೆಯದಾಗಿದ್ದ ಅರಿಜೋನಾ ಸ್ಟೇಟ್ 4ನೇ ಸೀಡ್ ಆಯಿತು. ಪಟ್ಟಿಯಲ್ಲಿ 6ನೆಯದಾಗಿದ್ದ ಓಹಾಯೋ ಸ್ಟೇಟ್ 8ಕ್ಕೆ ಇಳಿದು, 9ನೇ ಸೀಡ್ ಟೆನೆಸ್ಸೀಯನ್ನು ಎದುರಿಸಿತು. 2025ರಿಂದ ಸೀಡ್‌ಗಳು ನೇರವಾಗಿ ಪಟ್ಟಿಯ ಕ್ರಮದಲ್ಲಿ ಬರುತ್ತವೆ. ಆ ನಿಯಮವನ್ನು ಹಳೆಯ ಪಟ್ಟಿಗೆ ಹಾಕಿದರೆ 6ನೇ ಸೀಡ್ ಓಹಾಯೋ ಸ್ಟೇಟ್‌ಗೆ 11ನೇ ಸೀಡ್ ಅರಿಜೋನಾ ಸ್ಟೇಟ್ ಎದುರಾಗುತ್ತದೆ. ನಿಮ್ಮ ಶೀಟ್ ಹೇಳುತ್ತಿರುವುದು ಅದನ್ನೇ.

ನನ್ನ ಶೀಟಿನಲ್ಲಿ 2014ರಿಂದ ಸಮಿತಿ ಪ್ರಕಟಿಸಿದ ಪ್ರತಿ ವಾರದ ಪಟ್ಟಿಯೂ ಇದೆ, ಪ್ರತಿ ಋತುವಿಗೂ ಬೇರೆ ನಿಯಮದ ಹಾಳೆ ಇದೆ, ವರ್ಷ ಬದಲಿಸಿದರೆ ಇಡೀ ಚಿತ್ರ ತಾನಾಗಿ ಮರುಜೋಡಣೆಯಾಗುತ್ತದೆ. ಎರಡು ಪರದೆಗಳಲ್ಲಿ ಒಂದರಲ್ಲಿ ಪಟ್ಟಿ, ಇನ್ನೊಂದರಲ್ಲಿ ಜೋಡಿಗಳನ್ನು ಇಟ್ಟುಕೊಂಡು ಡಿಸೆಂಬರ್ ತಿಂಗಳನ್ನು ಕಳೆಯುತ್ತೇನೆ. ಬೇಕಾದವರಿಗೆ ಸಂತೋಷದಿಂದ ಕೊಡುತ್ತೇನೆ.

ಟೆಕ್ಸಾಸ್ ಶಿವಮೊಗ್ಗ:
ಹಾಳೆಯಲ್ಲಿ ಬೈ ಪಡೆದ ತಂಡಗಳಿಗೆ ಹೆಚ್ಚುವರಿ ಅಂಕ ಕೊಟ್ಟಿದ್ದರೆ ದಯವಿಟ್ಟು ತೆಗೆದುಹಾಕಿ. 2024ರಲ್ಲಿ ಬೈ ಪಡೆದ ನಾಲ್ಕೂ ತಂಡಗಳು ಕ್ವಾರ್ಟರ್ ಫೈನಲ್‌ನಲ್ಲಿ ಸೋತವು. 2025ರಲ್ಲಿ ಇಂಡಿಯಾನಾ ಮಾತ್ರ ಗೆದ್ದಿತು. ಓಹಾಯೋ ಸ್ಟೇಟ್, ಜಾರ್ಜಿಯಾ, ಟೆಕ್ಸಾಸ್ ಟೆಕ್ ಮೂರೂ ಹೊರಬಿದ್ದವು. ಎಂಟರಲ್ಲಿ ಒಂದು. ಮೂರು ವಾರಕ್ಕೂ ಹೆಚ್ಚು ಕಾಲ ಆಡದೆ ಕುಳಿತ ತಂಡದ ಕೈಕಾಲು ಜಡವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕೇ?

ಪಿಟ್ಸ್‌ಬರ್ಗ್ ಮೈಸೂರಿಗ:
ಬೇಕು, ಸರ್. 2024ರಲ್ಲಿ ಬಾಯ್ಸಿ ಸ್ಟೇಟ್ ಮತ್ತು ಅರಿಜೋನಾ ಸ್ಟೇಟ್ ಸೋತದ್ದು ಪಟ್ಟಿಯಲ್ಲಿ ತಮಗಿಂತ ಬಹಳ ಮೇಲಿದ್ದ ಪೆನ್ ಸ್ಟೇಟ್ ಮತ್ತು ಟೆಕ್ಸಾಸ್ ತಂಡಗಳಿಗೆ. ಅರಿಜೋನಾ ಸ್ಟೇಟ್ ಅಂತೂ ಎರಡು ಓವರ್‌ಟೈಮ್‌ವರೆಗೆ ಎಳೆದು 39-31ರಿಂದ ಸೋತಿತು. ಅದನ್ನು ವಿಶ್ರಾಂತಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಇಂಡಿಯಾನಾ ಅದೇ ವಿಶ್ರಾಂತಿಯ ನಂತರ ಅಲಬಾಮಾವನ್ನು 38-3ರಿಂದ ಸೋಲಿಸಿ, 16-0 ದಾಖಲೆಯೊಂದಿಗೆ ಚಾಂಪಿಯನ್ ಆಯಿತು. ಎಂಟು ಪಂದ್ಯಗಳಿಂದ ನಿಯಮ ಕಟ್ಟಲಾಗದು.

ಟೆಕ್ಸಾಸ್ ಶಿವಮೊಗ್ಗ:
2024ರ ಜಾರ್ಜಿಯಾ ಮತ್ತು ಆರೆಗಾನ್ ಪಟ್ಟಿಯಲ್ಲೇ ಮೊದಲೆರಡು ಸ್ಥಾನದಲ್ಲಿದ್ದವು. ಅವೂ ಸೋತವಲ್ಲ? ಆರೆಗಾನ್ 41-21ರ ಸೋಲನ್ನು ನೀವು ಹೇಗೆ ವಿವರಿಸುತ್ತೀರಿ?

ಪಿಟ್ಸ್‌ಬರ್ಗ್ ಮೈಸೂರಿಗ:
ಎದುರಾಳಿಯಿಂದ ವಿವರಿಸುತ್ತೇನೆ. ಅಜೇಯವಾಗಿ ಬಂದ 1ನೇ ಸೀಡ್‌ಗೆ, ಅಕ್ಟೋಬರ್‌ನಲ್ಲಿ ಒಂದೇ ಅಂಕದಿಂದ ತನಗೆ ಸೋತಿದ್ದ ಓಹಾಯೋ ಸ್ಟೇಟ್ ಮೊದಲ ಪಂದ್ಯದಲ್ಲೇ ಎದುರಾದದ್ದು ಆ ವರ್ಷದ ಸೀಡಿಂಗ್ ನಿಯಮದಿಂದ.

ಧಾರವಾಡದ ಗಣಿತ ಮೇಷ್ಟ್ರು:
ಮೂಲ ಪ್ರಶ್ನೆ ಹಾಗೆಯೇ ಉಳಿದಿದೆ. ಕೊಲಂಬಸ್‌ವಾಸಿಯವರೇ, ನಿಮಗೆ ಎರಡು ಪ್ರಶ್ನೆಗಳು. ವ್ಯತ್ಯಾಸವಿರುವ ಪಂದ್ಯಗಳಲ್ಲಿ ರಷಿಂಗ್ ಮತ್ತು ಪಾಸಿಂಗ್ ಎರಡನ್ನೂ ಕೂಡಿಸಿದಾಗ ಒಟ್ಟು ಯಾರ್ಡ್ ತಾಳೆಯಾಗುತ್ತದೆಯೇ? ಈ ಸೂತ್ರವನ್ನು ನೀವೇ ಬರೆದಿರೋ, ಬೇರೆ ಕಡೆಯಿಂದ ತಂದಿರೋ?

ಕೊಲಂಬಸ್‌ವಾಸಿ:
ಒಟ್ಟು ಯಾರ್ಡ್ ಬಹುತೇಕ ಎಲ್ಲ ಕಡೆ ಸರಿಯಾಗಿದೆ. ಕೆಲವು ಪಂದ್ಯಗಳಲ್ಲಿ ಮಾತ್ರ ನನ್ನದು ಎರಡು ಮೂರು ಯಾರ್ಡ್ ಹೆಚ್ಚು. ಬೆರಳಚ್ಚಿನ ತಪ್ಪೆಂದು ಭಾವಿಸಿ ಬಿಟ್ಟಿದ್ದೆ, ನೋಡಿದರೆ ಅವೆಲ್ಲ ನಾವು ಗೆದ್ದ ಪಂದ್ಯಗಳೇ. ಸೂತ್ರ ನನ್ನದೇ, ನಾಲ್ಕು ವರ್ಷಗಳಿಂದ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್ ಪಂದ್ಯಗಳಿಗೆ ಬಳಸುತ್ತಿರುವ ಶೀಟಿನಿಂದ ತಂದದ್ದು. ಅಲ್ಲಿ ಒಂದು ಯಾರ್ಡ್ ಕೂಡ ತಪ್ಪಿಲ್ಲ. ಎರಡೂ ಒಂದೇ ಆಟವಾದ್ದರಿಂದ ಅದನ್ನು ಹೇಳಬೇಕೆಂದು ಅನ್ನಿಸಲಿಲ್ಲ.

ಧಾರವಾಡದ ಗಣಿತ ಮೇಷ್ಟ್ರು:
ತಪ್ಪು ಅಲ್ಲೇ ಇದೆ. ದಾಳಿಯನ್ನು ನಡೆಸುವ ಆಟಗಾರನಾದ ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯಲು ಹಿಂದೆ ಸರಿದು, ಎಸೆಯುವ ಮೊದಲೇ ಸಿಕ್ಕಿಬಿದ್ದು 7 ಯಾರ್ಡ್ ಕಳೆದುಕೊಂಡ ಎಂದುಕೊಳ್ಳಿ. ಎನ್‌ಎಫ್‌ಎಲ್‌ನಲ್ಲಿ ಆ ಸ್ಯಾಕ್‌ನ 7 ಯಾರ್ಡ್ ತಂಡದ ಪಾಸಿಂಗ್‌ನಿಂದ ಕಳೆಯುತ್ತದೆ, ರಷಿಂಗ್‌ಗೆ ಸಂಬಂಧವಿಲ್ಲ. ಕಾಲೇಜ್ ಲೆಕ್ಕದಲ್ಲಿ ಅದೇ ಪ್ಲೇ ಕ್ವಾರ್ಟರ್‌ಬ್ಯಾಕ್‌ನ ಹೆಸರಿನಲ್ಲಿ ಒಂದು ರಷಿಂಗ್ ಪ್ರಯತ್ನವಾಗಿ, ಮೈನಸ್ 7 ಯಾರ್ಡ್ ಎಂದು ದಾಖಲಾಗುತ್ತದೆ.

ಲೆಕ್ಕಕ್ಕೆಂದು ಒಂದು ಕಾಲ್ಪನಿಕ ಪಂದ್ಯ ತೆಗೆದುಕೊಳ್ಳಿ. 30 ಓಟಗಳಲ್ಲಿ 150 ಯಾರ್ಡ್, ಪಾಸಿಂಗ್‌ನಲ್ಲಿ 260, ನಾಲ್ಕು ಸ್ಯಾಕ್‌ಗಳಲ್ಲಿ 28 ಯಾರ್ಡ್ ನಷ್ಟ. ಎನ್‌ಎಫ್‌ಎಲ್ ರೀತಿಯಲ್ಲಿ ರಷಿಂಗ್ 150, ಪಾಸಿಂಗ್ 232, ಒಟ್ಟು 382. ಕಾಲೇಜ್ ರೀತಿಯಲ್ಲಿ ರಷಿಂಗ್ 122, ಪಾಸಿಂಗ್ 260, ಒಟ್ಟು ಅದೇ 382. ಆದರೆ ಓಟವೊಂದರ ಸರಾಸರಿ 5ರಿಂದ ಸುಮಾರು 3.6ಕ್ಕೆ ಇಳಿಯುತ್ತದೆ, ಏಕೆಂದರೆ ಭಾಜಕವೂ 30ರಿಂದ 34 ಆಗಿದೆ. ಒಂದೂ ಸ್ಯಾಕ್ ಇಲ್ಲದ ಪಂದ್ಯದಲ್ಲಿ ಎರಡೂ ಪದ್ಧತಿಗಳು ಒಂದೇ ಉತ್ತರ ಕೊಡುತ್ತವೆ. ನಿಮ್ಮ ಕೆಲವು ಪಂದ್ಯಗಳು ಮಾತ್ರ ಸರಿಬಂದದ್ದಕ್ಕೆ ಕಾರಣ ಅದೇ.

ಜಯನಗರದ ಪ್ರೇಕ್ಷಕ:
ವಿವರಣೆ ಒಪ್ಪುತ್ತೇನೆ. ಆದರೂ ಋತುವಿನ ಕಾಲಂ ಸೇರಿಸುವುದು ಒಳ್ಳೆಯದು. ಇನ್ನೊಂದು ಮಾತು: ಎಸೆಯಲು ಹೋಗಿ ಸಿಕ್ಕಿಬಿದ್ದದ್ದನ್ನು ಓಟವೆಂದು ಬರೆಯುವ ಕಾಲೇಜ್ ಪದ್ಧತಿಯೇ ಸರಿಯಿಲ್ಲ. ಪ್ಲೇಆಫ್‌ನಲ್ಲಿ ಯಾರ ಓಟ ಬಲವಾಗಿದೆ ಎಂದು ನೋಡುವವರಿಗೆ ಅದು ದಾರಿ ತಪ್ಪಿಸುತ್ತದೆ.

ಟೆಕ್ಸಾಸ್ ಶಿವಮೊಗ್ಗ:
ಅಧಿಕೃತ ಅಂಕಿಗೆ ತಾಳೆ ಮಾಡುವುದು ಒಂದು ಕೆಲಸ, ತಂಡದ ಬಲ ಅಳೆಯುವುದು ಇನ್ನೊಂದು. ಎರಡಕ್ಕೂ ಬೇರೆ ಬೇರೆ ಕಾಲಂ ಇಟ್ಟರೆ ಜಗಳವೇ ಇಲ್ಲ. ನಾನು ಸ್ಯಾಕ್ ಸೇರಿಸಿದ ಸರಾಸರಿ, ಸೇರಿಸದ ಸರಾಸರಿ ಎರಡನ್ನೂ ಇಟ್ಟಿದ್ದೇನೆ.

ಕೊಲಂಬಸ್‌ವಾಸಿ:
ಮೇಷ್ಟ್ರೇ, ನಿಮಗೆ ಎಷ್ಟು ಧನ್ಯವಾದ ಹೇಳಿದರೂ ಸಾಲದು. ಸ್ಯಾಕ್ ಸಾಲುಗಳನ್ನು ರಷಿಂಗ್ ಕಡೆಗೆ ತಿರುಗಿಸಿದ ಕೂಡಲೇ ಪಾಸಿಂಗ್ ಕಾಲಂ ಪೂರ್ತಿ ಸರಿಹೋಯಿತು. ಮೈಸೂರಿನವರು ಹೇಳಿದಂತೆ 2024ಕ್ಕೆ ಪ್ರತ್ಯೇಕ ಸೀಡಿಂಗ್ ನಿಯಮ ಹಾಕಿದೆ, ಟೆನೆಸ್ಸೀ ಬಂದು ಕುಳಿತಿತು. ಆ ಎರಡು ಮೂರು ಯಾರ್ಡ್‌ಗಳ ವ್ಯತ್ಯಾಸ ಮಾತ್ರ ರಷಿಂಗ್‌ನಲ್ಲಿ ಉಳಿದುಕೊಂಡಿದೆ.

ಧಾರವಾಡದ ಗಣಿತ ಮೇಷ್ಟ್ರು:
ಗೆದ್ದ ಪಂದ್ಯಗಳೇ ಎಂದಿರಲ್ಲ, ಅದು ಒಳ್ಳೆಯ ಸುಳಿವು. ಮುನ್ನಡೆಯಲ್ಲಿರುವ ತಂಡ ಕೊನೆಯ ಸಮಯವನ್ನು ಕಳೆಯಲು, ಒಂದೆರಡು ಯಾರ್ಡ್ ನಷ್ಟವಾದರೂ ಸರಿ ಎಂದು, ಚೆಂಡು ಹಿಡಿದು ಮಂಡಿಯೂರಿ ಪ್ಲೇ ಮುಗಿಸುತ್ತದೆ. ಕಾಲೇಜ್ ಲೆಕ್ಕದಲ್ಲಿ ಅದು ಆಟಗಾರನ ಹೆಸರಿಗೆ ಹೋಗದೆ, ಬಾಕ್ಸ್ ಸ್ಕೋರ್‌ನ (ಪಂದ್ಯದ ಅಂಕಿ ಪಟ್ಟಿಯ) ‘ಟೀಮ್’ ಎಂಬ ಸಾಲಿಗೆ ಹೋಗುತ್ತದೆ. ನೀವು ಹೆಸರಿನ ಪ್ರಕಾರ ಕೂಡಿಸುತ್ತಿರುವುದರಿಂದ ಆ ಸಾಲು ಬಿಟ್ಟುಹೋಗಿರಬೇಕು.

ಕೊಲಂಬಸ್‌ವಾಸಿ:
ಹೌದು, ಹೆಸರಿನ ಜಾಗ ಖಾಲಿಯಿದ್ದ ಸಾಲುಗಳನ್ನು ನನ್ನ ಸೂತ್ರ ಬಿಟ್ಟುಬಿಡುತ್ತಿತ್ತು. ಅವನ್ನು ಸೇರಿಸಿದ ಮೇಲೆ 15 ಪಂದ್ಯಗಳು ಯಾರ್ಡ್‌ಗೆ ಯಾರ್ಡ್ ಸರಿಯಾಗಿವೆ. ಒಂದರಲ್ಲಿ ಮಾತ್ರ ಒಂದು ಓಟ ಕಡಿಮೆ ಬರುತ್ತಿದೆ. ಇವತ್ತು ರಾತ್ರಿ ಆ ಪಂದ್ಯದ ಸಾಲುಗಳನ್ನೆಲ್ಲ ಇಲ್ಲಿ ಹಾಕುತ್ತೇನೆ, ಬಿಡುವಾದಾಗ ನೋಡಿ.

ಧಾರವಾಡದ ಗಣಿತ ಮೇಷ್ಟ್ರು:
ಹಾಕಿ. ಸ್ನ್ಯಾಪ್ (ಪ್ಲೇ ಆರಂಭಿಸಲು ಚೆಂಡನ್ನು ಹಿಂದಕ್ಕೆ ಕೊಡುವುದು) ತಪ್ಪಿ ಚೆಂಡು ಕ್ವಾರ್ಟರ್‌ಬ್ಯಾಕ್‌ನ ತಲೆ ಮೇಲೆ ಹಾರಿಹೋದ ಪ್ಲೇ ಏನಾದರೂ ಇದೆಯೇ ಎಂದು ಮೊದಲು ಹುಡುಕಿ.