ಅಮೆರಿಕದ ರಾಜ್ಯಗಳನ್ನು ಎಣಿಸುತ್ತ ಸುತ್ತುವುದೋ, ಒಂದೆಡೆ ನಿಂತು ನೋಡುವುದೋ?

ಶಿಂಷಾತೀರ (ಕೊಲಂಬಸ್, ಓಹಾಯೋ):

ನಾವು ಓಹಾಯೋಗೆ ಬಂದು ಹನ್ನೊಂದು ವರ್ಷಗಳಾದವು. ಊಟದ ಮೇಜಿನ ಹಿಂದಿನ ಗೋಡೆಗೆ ಅಮೆರಿಕದ ದೊಡ್ಡ ನಕಾಶೆಯೊಂದನ್ನು ಅಂಟಿಸಿದ್ದೇವೆ. ಕಾಲಿಟ್ಟು ಬಂದ ರಾಜ್ಯಕ್ಕೆಲ್ಲ ಒಂದು ಕೆಂಪು ಗುಂಡುಪಿನ್ನು ಚುಚ್ಚುವುದು ನಮ್ಮ ಯಜಮಾನರು ಮೊದಲ ವರ್ಷದಿಂದಲೂ ನಡೆಸಿಕೊಂಡು ಬಂದಿರುವ ಪದ್ಧತಿ. ಈಗ 23 ಪಿನ್ನುಗಳಾಗಿವೆ. ವರ್ಷಕ್ಕೆ ಸಿಗುವುದು ಎರಡು ವಾರಗಳ ರಜೆ, ಊರಿಗೆ ಹೋಗುವ ವರ್ಷವಾದರೆ ಅದೂ ಉಳಿಯುವುದಿಲ್ಲ. ಆದ್ದರಿಂದ ಹೊರಟಾಗಲೆಲ್ಲ ಆದಷ್ಟು ರಾಜ್ಯಗಳನ್ನು ಮುಗಿಸಿಕೊಂಡು ಬರಬೇಕೆಂಬ ಅವಸರ ನಮ್ಮನ್ನು ಬಿಟ್ಟಿಲ್ಲ.

ಕಳೆದ ಜುಲೈನಲ್ಲಿ ಎಂಟು ದಿನಗಳಲ್ಲಿ ಐದು ರಾಜ್ಯಗಳನ್ನು ಸುತ್ತಿದೆವು. ಸೌತ್ ಡಕೋಟಾದ ರಾಪಿಡ್ ಸಿಟಿಗೆ ವಿಮಾನದಲ್ಲಿ ಹೋಗಿ, ಬಂಡೆಯಲ್ಲಿ ನಾಲ್ವರು ಅಧ್ಯಕ್ಷರ ಮುಖಗಳನ್ನು ಕೆತ್ತಿರುವ ಮೌಂಟ್ ರಶ್‌ಮೋರ್ ನೋಡಿ, ವಯೋಮಿಂಗ್‌ನ ಡೆವಿಲ್ಸ್ ಟವರ್ ಮತ್ತು ಯೆಲ್ಲೋಸ್ಟೋನ್ ಮುಗಿಸಿ, ಚಹಾ ಕುಡಿಯುವಷ್ಟು ಹೊತ್ತು ಮೊಂಟಾನಾದೊಳಗೆ ಹೋಗಿ, ಗ್ಯಾಸ್ (ಪೆಟ್ರೋಲ್) ಹಾಕಿಸುವಷ್ಟು ಹೊತ್ತು ಐಡಾಹೋದಲ್ಲಿ ನಿಂತು, ಯೂಟಾದ ಆರ್ಚಸ್ ಎಂಬ ಕಲ್ಲುಕಮಾನುಗಳ ಉದ್ಯಾನವನ್ನು ತಲುಪಿದೆವು. ಯೆಲ್ಲೋಸ್ಟೋನ್‌ನ ಓಲ್ಡ್ ಫೇತ್‌ಫುಲ್ ಬಿಸಿನೀರಿನ ಬುಗ್ಗೆಯ ಬಳಿ ನಾವು ಹೋಗುವ ವೇಳೆಗೆ ಅದು ಆಗತಾನೇ ಚಿಮ್ಮಿ ನಿಂತಿತ್ತು. ಮುಂದಿನದಕ್ಕೆ ಸುಮಾರು ಒಂದೂವರೆ ಗಂಟೆ ಕಾಯಬೇಕೆಂದು ಫಲಕದಲ್ಲಿ ಬರೆದಿದ್ದರು. ರಾತ್ರಿಯ ಹೋಟೆಲು ದೂರದಲ್ಲಿದ್ದುದರಿಂದ ನಾವು ಕಾಯಲಿಲ್ಲ. ಊರಿಗೆ ಮರಳಿದ ಮೇಲೆ ಹನ್ನೆರಡು ವರ್ಷದ ಮಗ ಶಾಲೆಗೆಂದು ಪ್ರವಾಸದ ಪ್ರಬಂಧ ಬರೆದ. ಅದರಲ್ಲಿ ರಶ್‌ಮೋರ್ ಇರಲಿಲ್ಲ, ಆರ್ಚಸ್ ಕೂಡ ಇರಲಿಲ್ಲ. ರಸ್ತೆಗೆ ಅಡ್ಡ ನಿಂತು ನಮ್ಮ ಕಾರನ್ನು ಇಪ್ಪತ್ತು ನಿಮಿಷ ತಡೆದ ಒಂದು ಕಾಡೆಮ್ಮೆಯ ಬಗ್ಗೆಯೇ ಎರಡು ಪುಟ ಬರೆದಿದ್ದ. ಅದರ ಕುತ್ತಿಗೆಯ ಕೂದಲು ಉದುರಿ ಹಳೆಯ ಕಂಬಳಿಯಂತೆ ಜೋತಿದ್ದುದು, ಅದರ ಉಸಿರಿನಿಂದ ಕಾರಿನ ಗಾಜು ಮಂಜಾದುದು, ಎಲ್ಲವೂ ಅದರಲ್ಲಿತ್ತು. ಆ ಎಂಟು ದಿನಗಳಲ್ಲಿ ನಾವು ಅಲುಗದೆ ನಿಂತು ನೋಡಿದ್ದು ಅದೊಂದನ್ನೇ ಎಂದು ಓದಿದ ಮೇಲೆ ಹೊಳೆಯಿತು, ಮನಸ್ಸಿಗೆ ನೋವೂ ಆಯಿತು.

ನಮ್ಮ ಆಸೆಯ ಪಟ್ಟಿಯಲ್ಲಿ ನ್ಯೂ ಮೆಕ್ಸಿಕೋ, ಮೇನ್, ಅಲಬಾಮಾ ಮತ್ತು ಅಲಾಸ್ಕಾ ಇವೆ. ನೀವೆಲ್ಲ ರಾಜ್ಯಗಳನ್ನು ಯಾವ ಕ್ರಮದಲ್ಲಿ ಆರಿಸಿಕೊಳ್ಳುತ್ತೀರಿ, ಎಷ್ಟು ದಿನ ಇದ್ದರೆ ಒಂದು ರಾಜ್ಯವನ್ನು ನೋಡಿದೆವೆಂದು ಹೇಳುತ್ತೀರಿ ಎಂಬುದನ್ನು ದಯವಿಟ್ಟು ತಿಳಿಸಿ. ಇನ್ನೊಂದು ವಿಷಯವಿದೆ. ಫೆಬ್ರವರಿ ಕೊನೆಗೆ ನನ್ನ ತಂದೆಯವರು ಬಂದು ಐದು ತಿಂಗಳು ನಮ್ಮೊಡನೆ ಇರುತ್ತಾರೆ. ಅವರಿಗೆ 74 ವರ್ಷ, ಮದ್ದೂರು ತಾಲ್ಲೂಕಿನಲ್ಲಿ ಮೇಷ್ಟರಾಗಿದ್ದವರು, ಕೊಕ್ಕರೆ ಬೆಳ್ಳೂರಿನ ಪಕ್ಕದ ಹಳ್ಳಿಯವರು. ಚೆನ್ನಾಗಿಯೇ ನಡೆಯುತ್ತಾರೆ, ಆದರೆ ಕಾರಿನಲ್ಲಿ ನಾಲ್ಕು ಗಂಟೆಗಿಂತ ಹೆಚ್ಚು ಕೂರಲಾರರು. ಸಸ್ಯಾಹಾರಿಗಳು.

ಬಯಲುಸೀಮೆಯವ (ಆಲ್ಬುಕರ್ಕಿ, ನ್ಯೂ ಮೆಕ್ಸಿಕೋ):

ಲೆಕ್ಕದ ವಿಷಯದಲ್ಲಿ ನಮ್ಮ ಮನೆಯ ನಿಯಮ ಬಿಗಿಯಾದುದು. ವಿಮಾನ ಬದಲಿಸಿದ ರಾಜ್ಯವಾಗಲಿ, ಗ್ಯಾಸ್ ಹಾಕಿಸಿದ ರಾಜ್ಯವಾಗಲಿ ಲೆಕ್ಕಕ್ಕೆ ಬರುವುದಿಲ್ಲ. ಕನಿಷ್ಠ ಎರಡು ರಾತ್ರಿ ಅಲ್ಲಿ ಮಲಗಿ, ಆ ನೆಲದ ಅಡುಗೆಯನ್ನು ಉಂಡಿರಬೇಕು. ಈ ನಿಯಮದಂತೆ ನಿಮ್ಮ ಮೊಂಟಾನಾ ಮತ್ತು ಐಡಾಹೋಗಳ ಪಿನ್ನುಗಳನ್ನು ಕೀಳಬೇಕಾಗುತ್ತದೆ, ಬೇಸರಿಸಬೇಡಿ.

ನ್ಯೂ ಮೆಕ್ಸಿಕೋಗೆ ಬರುವುದಾದರೆ ಹತ್ತು ದಿನ ಇಟ್ಟುಕೊಂಡು ಬನ್ನಿ, ಪಕ್ಕದ ರಾಜ್ಯವನ್ನು ಅದಕ್ಕೆ ಸೇರಿಸಬೇಡಿ. ದಕ್ಷಿಣದ ವೈಟ್ ಸ್ಯಾಂಡ್ಸ್ ಒಂದನ್ನೇ ತೆಗೆದುಕೊಳ್ಳಿ. ಸುತ್ತಲಿನ ಬೆಟ್ಟಗಳ ಜಿಪ್ಸಮ್ ಮಳೆನೀರಿನಲ್ಲಿ ಕರಗಿ ಕಣಿವೆಗೆ ಇಳಿಯುತ್ತದೆ. ಅಲ್ಲಿಂದ ಸಮುದ್ರಕ್ಕೆ ಹೋಗಲು ನೀರಿಗೆ ದಾರಿಯಿಲ್ಲದ ಕಾರಣ ಅದು ನಿಂತಲ್ಲೇ ಆವಿಯಾಗಿ ಹರಳುಗಳನ್ನು ಉಳಿಸುತ್ತದೆ. ಆ ಹರಳುಗಳು ಒಡೆದು ಪುಡಿಯಾಗಿ, ಗಾಳಿಗೆ ತೂರಿಕೊಂಡು, 275 ಚದರ ಮೈಲಿಗಳಷ್ಟು ಬಿಳಿಯ ದಿಬ್ಬಗಳಾಗಿವೆ. ಸಾಮಾನ್ಯ ಮರಳಿನಂತೆ ಇದು ಕಾಯುವುದಿಲ್ಲ. ನಡುಮಧ್ಯಾಹ್ನ ಚಪ್ಪಲಿ ಕಳಚಿ ನಡೆದರೆ, ಅಕ್ಕಿಹಿಟ್ಟಿನ ಮೂಟೆಯೊಳಗೆ ಕಾಲಿಟ್ಟಂತೆ ಅಂಗಾಲು ತಣ್ಣಗಾಗುತ್ತದೆ. ಸುತ್ತಮುತ್ತ ಸೇನೆಯ ಕ್ಷಿಪಣಿ ಪರೀಕ್ಷಾ ವಲಯವಿರುವುದರಿಂದ ಕೆಲವು ದಿನ ರಸ್ತೆಯನ್ನು ಗಂಟೆಗಟ್ಟಲೆ ಮುಚ್ಚುತ್ತಾರೆ. ಒಂದೇ ಮಧ್ಯಾಹ್ನ ಇಟ್ಟುಕೊಂಡು ಬಂದವರು ಗೇಟಿನಿಂದಲೇ ಹಿಂದಿರುಗಿದ್ದನ್ನು ನಾನು ಕಂಡಿದ್ದೇನೆ.

ಉತ್ತರದಲ್ಲಿ ಟಾವೋಸ್ ಪ್ವೆಬ್ಲೋ ಇದೆ. ಹಸಿ ಇಟ್ಟಿಗೆಯ ಮೇಲೆ ಮಣ್ಣು ಮೆತ್ತಿ ಕಟ್ಟಿದ ಆ ಬಹುಮಹಡಿ ಮನೆಗಳಲ್ಲಿ ಮೂಲನಿವಾಸಿಗಳು ಇಂದಿಗೂ ಬದುಕುತ್ತಿದ್ದಾರೆ. ಗೋಡೆಗಳಿಗೆ ಮತ್ತೆ ಮತ್ತೆ ಮಣ್ಣು ಸಾರಿಸುವುದನ್ನು ನೋಡಿದಾಗ ನನಗೆ ಚಿತ್ರದುರ್ಗದ ಕಡೆಯ ನಮ್ಮ ಅಜ್ಜಿಯ ಮನೆ ನೆನಪಾಯಿತು. ಅದು ಜನರ ಮನೆ, ಪ್ರದರ್ಶನದ ವಸ್ತುವಲ್ಲ. ಚಳಿಗಾಲದ ಕೊನೆಯಲ್ಲಿ ತಮ್ಮ ಆಚರಣೆಗಳಿಗಾಗಿ ಅವರು ಕೆಲವು ವಾರ ಹೊರಗಿನವರನ್ನು ಒಳಗೆ ಬಿಡುವುದಿಲ್ಲ. ಆದ್ದರಿಂದ ತಂದೆಯವರನ್ನು ಮಾರ್ಚಿಯಲ್ಲಿ ಇಲ್ಲಿಗೆ ಕರೆತರುವುದು ಬೇಡ. ಮೆಣಸಿನಕಾಯಿ ಸುಡುವ ವಾಸನೆ ಊರನ್ನೆಲ್ಲ ತುಂಬುವ ಸೆಪ್ಟೆಂಬರಿನಲ್ಲಿ ನೀವು ಮೂವರು ಬನ್ನಿ. ಹೋಟೆಲಿನಲ್ಲಿ ‘ಕೆಂಪೋ, ಹಸಿರೋ’ ಎಂದು ಕೇಳಿದರೆ ಅದು ಮೆಣಸಿನಕಾಯಿಯ ಪ್ರಶ್ನೆ. ಹುರುಳಿಯಂತಹ ಅಲ್ಲಿನ ಬೇಯಿಸಿದ ಕಾಳಿಗೆ ಹಂದಿಯ ಕೊಬ್ಬು ಹಾಕಿದ್ದಾರೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ.

ಹಳಿಯ ಮೇಲೆ (ಷಿಕಾಗೋ, ಇಲಿನಾಯ್):

ಎಣಿಸುವುದರಲ್ಲಿ ತಪ್ಪೇನೂ ಇಲ್ಲವೆಂಬುದು ನನ್ನ ಅಭಿಪ್ರಾಯ. ಪಿನ್ನಿನ ಆಸೆ ಇಲ್ಲದಿದ್ದರೆ ಅನೇಕರು ನ್ಯೂಯಾರ್ಕ್, ಫ್ಲಾರಿಡಾ, ಕ್ಯಾಲಿಫೋರ್ನಿಯಾಗಳನ್ನು ದಾಟುತ್ತಲೇ ಇರಲಿಲ್ಲ. ಅವಸರವೇ ಸಮಸ್ಯೆಯಾದರೆ ಕಾರು ಬಿಟ್ಟು ರೈಲು ಹತ್ತಿ. ಷಿಕಾಗೋದಿಂದ ಸ್ಯಾನ್ ಫ್ರಾನ್ಸಿಸ್ಕೋ ಬಳಿಯ ಎಮರಿವಿಲ್‌ಗೆ ಹೋಗುವ ಕ್ಯಾಲಿಫೋರ್ನಿಯಾ ಜೆಫಿರ್ 2,438 ಮೈಲಿಗಳನ್ನು ಎರಡು ಹಗಲು ಎರಡು ರಾತ್ರಿ ದಾಟಿಸಿ, ಏಳು ರಾಜ್ಯಗಳನ್ನು ಕಿಟಕಿಯ ಮುಂದೆ ತಂದಿಡುತ್ತದೆ. ಡೆನ್ವರ್ ಬಿಟ್ಟ ಮೇಲೆ ಬಳಸುತ್ತ ಬೆಟ್ಟವೇರಿ, ಆರು ಮೈಲಿಗೂ ಉದ್ದದ ಮಾಫಟ್ ಸುರಂಗದ ಕತ್ತಲೆಯಿಂದ ಹೊರಬಂದು, ಬಳಿಕ ಗಂಟೆಗಟ್ಟಲೆ ಕೊಲರಾಡೋ ನದಿಯ ಮಗ್ಗುಲಲ್ಲೇ ಸಾಗುವಾಗ ಯಾರೂ ಫೋನು ಹಿಡಿದು ಕೂರುವುದಿಲ್ಲ. ದೊಡ್ಡ ಗಾಜಿನ ವೀಕ್ಷಣಾ ಬೋಗಿಯಿದೆ. ತಂದೆಯವರು ಎದ್ದು ಓಡಾಡಬಹುದು. ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಹೋಗಿ. ತಡವಾಗುವುದು ಸಾಮಾನ್ಯ, ತಲುಪಿದ ದಿನವೇ ಬೇರೆ ವಿಮಾನ ಹಿಡಿಯುವ ಯೋಚನೆ ಬೇಡ. ನೆಬ್ರಾಸ್ಕಾ ಪೂರ್ತಿ ರಾತ್ರಿಯಲ್ಲೇ ಕಳೆದುಹೋಗುತ್ತದೆ. ಅಲ್ಲಿ ನೋಡುವಂಥದ್ದೂ ಹೆಚ್ಚೇನಿಲ್ಲ.

ಕಡಲಂಚು (ಅಟ್ಲಾಂಟಾ, ಜಾರ್ಜಿಯಾ):

ನಾನು ರಾಜ್ಯಗಳನ್ನು ಎಣಿಸುವುದಿಲ್ಲ, ಒಂದು ಕಥೆಯ ಎಳೆ ಹಿಡಿದು ಹೋಗುತ್ತೇನೆ. ನಿಮ್ಮ ಪಟ್ಟಿಯಲ್ಲಿ ಅಲಬಾಮಾ ಕಂಡು ಸಂತೋಷವಾಯಿತು. ನಮ್ಮವರ ಪಟ್ಟಿಗಳಲ್ಲಿ ಅದು ಕಾಣಿಸುವುದು ಅಪರೂಪ.

ಅಟ್ಲಾಂಟಾದಲ್ಲಿ, ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಹುಟ್ಟಿದ ಮನೆಯಿರುವ ಬೀದಿಯಿಂದ ಆರಂಭಿಸಿ. ಅಲ್ಲಿಯ ಸ್ಮಾರಕದ ಆವರಣದಲ್ಲಿ ಗಾಂಧೀಜಿಯ ಪ್ರತಿಮೆಯಿದೆ. ಕಿಂಗ್ 1959ರಲ್ಲಿ ಭಾರತಕ್ಕೆ ಬಂದು ಸುಮಾರು ಒಂದು ತಿಂಗಳು ಸುತ್ತಾಡಿದ್ದನ್ನು ನೆನೆದರೆ ತಂದೆಯವರಿಗೆ ಆ ಜಾಗ ಪರಕೀಯವೆನಿಸದು. ಅಲ್ಲಿಂದ ಮೂರು ಗಂಟೆಯೊಳಗೆ ಅಲಬಾಮಾದ ಮಾಂಟ್‌ಗೊಮರಿ. 2018ರಲ್ಲಿ ತೆರೆದ ಅಲ್ಲಿನ ಸ್ಮಾರಕದಲ್ಲಿ ಎಂಟುನೂರಕ್ಕೂ ಹೆಚ್ಚು ಉಕ್ಕಿನ ಕಂಬಗಳಿವೆ. ಕಪ್ಪು ಜನರನ್ನು ಗುಂಪುಗಳು ಹಿಡಿದು ಕೊಂದ ಒಂದೊಂದು ಕೌಂಟಿಗೆ (ನಮ್ಮ ಜಿಲ್ಲೆಯಂಥದ್ದು) ಒಂದೊಂದು ಕಂಬ, ಅದರ ಮೇಲೆ ಸತ್ತವರ ಹೆಸರುಗಳು. ಆರಂಭದಲ್ಲಿ ಕಂಬಗಳು ನಮ್ಮ ಎದುರಿಗೆ ನಿಂತ ಮನುಷ್ಯರಂತೆ ಇರುತ್ತವೆ. ಮುಂದೆ ಹೋದಂತೆ ಕಾಲಡಿಯ ನೆಲ ಇಳಿಯುತ್ತದೆ, ಕಂಬಗಳು ಇಳಿಯುವುದಿಲ್ಲ. ಕೊನೆಗೆ ಅವೆಲ್ಲ ತಲೆಯ ಮೇಲೆ ನೇತಾಡುತ್ತಿರುತ್ತವೆ. ನಾನು ಹೋದ ದಿನ ಅಲ್ಲಿ ಐವತ್ತು ಜನರಾದರೂ ಇದ್ದರು, ಒಂದು ಮಾತೂ ಕೇಳಿಸಲಿಲ್ಲ.

ಮಾರನೆಯ ದಿನ ಸೆಲ್ಮಾಕ್ಕೆ ಹೋಗಿ, ಎಡ್ಮಂಡ್ ಪೆಟಸ್ ಸೇತುವೆಯನ್ನು ನಡೆದು ದಾಟಿ. ಮತದಾನದ ಹಕ್ಕಿಗಾಗಿ ಹೊರಟವರನ್ನು 1965ರ ಮಾರ್ಚ್ 7ರಂದು ಪೊಲೀಸರು ಹೊಡೆದದ್ದು ಅಲ್ಲಿಯೇ. ಅದೇ ತಿಂಗಳು ಅವರು ಮತ್ತೆ ಹೊರಟು, 54 ಮೈಲಿ ನಡೆದು ಮಾಂಟ್‌ಗೊಮರಿ ಸೇರಿದರು. ಆ ವರ್ಷದ ಆಗಸ್ಟಿನಲ್ಲಿ ಮತದಾನದ ಹಕ್ಕಿನ ಕಾಯಿದೆ ಬಂತು. ಮುಂದೆ ಬರ್ಮಿಂಗ್‌ಹ್ಯಾಮ್, ಕೊನೆಗೆ ಟೆನೆಸ್ಸಿಯ ಮೆಂಫಿಸ್‌ನಲ್ಲಿ ಕಿಂಗ್ ಗುಂಡೇಟಿಗೆ ಬಲಿಯಾದ, ಈಗ ವಸ್ತುಸಂಗ್ರಹಾಲಯವಾಗಿರುವ ಲೊರೇನ್ ಮೋಟೆಲ್. ಆರು ದಿನ ಸಾಕು, ಯಾವ ದಿನವೂ ನಾಲ್ಕು ಗಂಟೆಗಿಂತ ಹೆಚ್ಚು ಕಾರಿನಲ್ಲಿ ಕೂರಬೇಕಾಗಿಲ್ಲ. ಮೇ ತಿಂಗಳೊಳಗೆ ಮುಗಿಸಿ, ಆಮೇಲೆ ಸೆಕೆ ತಡೆಯಲಾಗದು.

ಮುಂಗಾರು (ಲಿಂಕನ್, ನೆಬ್ರಾಸ್ಕಾ):

ನೆಬ್ರಾಸ್ಕಾದಲ್ಲಿ ನೋಡುವಂಥದ್ದಿಲ್ಲ ಎಂಬ ಮಾತಿಗೆ ಉತ್ತರ ಕೊಡಲೇಬೇಕಾಗಿದೆ, ಅದರಲ್ಲೂ ಪ್ರಶ್ನೆ ಕೇಳಿದವರ ತಂದೆ ಕೊಕ್ಕರೆ ಬೆಳ್ಳೂರಿನ ಪಕ್ಕದವರಾಗಿರುವಾಗ.

ನಿಮ್ಮ ತಂದೆಯವರು ಫೆಬ್ರವರಿ ಕೊನೆಗೆ ಬರುವುದಾದರೆ ಮಾರ್ಚ್ ಮೂರನೆಯ ವಾರ ಅವರನ್ನು ಇಲ್ಲಿಯ ಕರ್ನಿ ಪಟ್ಟಣಕ್ಕೆ ಕರೆತನ್ನಿ. ಓಮಾಹಾಕ್ಕೆ ವಿಮಾನ, ಅಲ್ಲಿಂದ ಮೂರು ಗಂಟೆಯ ದಾರಿ. ಆ ದಿನಗಳಲ್ಲಿ ಪ್ಲಾಟ್ ನದಿಯ ಎಂಬತ್ತು ಮೈಲಿಯಷ್ಟು ಪಾತ್ರದಲ್ಲಿ ಸ್ಯಾಂಡ್‌ಹಿಲ್ ಕ್ರೇನ್ ಎಂಬ ಕ್ರೌಂಚಗಳು ಐದು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ಇಳಿದಿರುತ್ತವೆ. ಬೂದು ಮೈ, ನೆತ್ತಿಯ ಮೇಲೆ ಕೆಂಪು, ನಾಲ್ಕು ಅಡಿಯವರೆಗೆ ಎತ್ತರ. ದಕ್ಷಿಣದಿಂದ ಬಂದು, ಕೆನಡಾ, ಅಲಾಸ್ಕಾ, ಸೈಬೀರಿಯಾಗಳಿಗೆ ಹೊರಡುವ ಮೊದಲು ಕೆಲವು ವಾರ ಇಲ್ಲಿ ನಿಂತು, ಕೊಯ್ಲಾದ ಹೊಲಗಳಲ್ಲಿ ಉದುರಿದ ಮುಸುಕಿನ ಜೋಳ ತಿಂದು ಮೈ ತುಂಬಿಕೊಳ್ಳುತ್ತವೆ. ರಾತ್ರಿ ನದಿಗೆ ಮರಳುತ್ತವೆ.

ಗಿಬ್ಬನ್ ಬಳಿಯ ರೋ ಪಕ್ಷಿಧಾಮದಲ್ಲಿ ನದಿಯ ಅಂಚಿಗೇ ಮರೆಮನೆಗಳಿವೆ. ಜಾಗವನ್ನು ಮೊದಲೇ ಕಾದಿರಿಸಬೇಕು. ಬೆಳಕು ಹರಿಯುವ ಮುಂಚೆ, ಕತ್ತಲಲ್ಲಿ ಸದ್ದಿಲ್ಲದೆ ಹೋಗಿ ಕೂರಬೇಕು. ಮೊದಲು ಏನೂ ಕಾಣಿಸುವುದಿಲ್ಲ, ಗಂಟಲೊಳಗೆ ಡಮರು ಉರುಳಿಸಿದಂತಹ ಕೂಗು ಮಾತ್ರ ನೀರಿನ ಕಡೆಯಿಂದ ಬರುತ್ತಿರುತ್ತದೆ. ನಸುಕಾದಂತೆ, ನೀವು ಮರಳ ದಿಣ್ಣೆಯೆಂದು ತಿಳಿದದ್ದು ಅಲುಗಾಡತೊಡಗುತ್ತದೆ. ಅದು ಮರಳಲ್ಲ, ಒತ್ತೊತ್ತಾಗಿ ನಿಂತ ಹಕ್ಕಿಗಳು. ನಾನು ಇಲ್ಲಿಗೆ ಬಂದು ಒಂಬತ್ತು ವರ್ಷ, ಒಂಬತ್ತು ಮಾರ್ಚಿಗಳನ್ನೂ ಬಿಟ್ಟಿಲ್ಲ. ಕಾದಿರಿಸಲು ಸಿಗದಿದ್ದರೆ ಫೋರ್ಟ್ ಕರ್ನಿಯ ಹಳೆಯ ರೈಲ್ವೆ ಸೇತುವೆಯ ಮೇಲೆ ಸಂಜೆ ಹೋಗಿ ನಿಲ್ಲಿ, ತಲೆಯ ಮೇಲಿಂದಲೇ ಸಾಲುಸಾಲಾಗಿ ಇಳಿಯುತ್ತವೆ.

ರಾಜ್ಯವನ್ನು ಆರಿಸುವ ಮೊದಲು ತಿಂಗಳನ್ನು ಆರಿಸಿ ಎಂಬುದಷ್ಟೇ ನನ್ನ ಕ್ರಮ. ಜುಲೈನಲ್ಲಿ ಇದೇ ದಾರಿಯಲ್ಲಿ ಬಂದರೆ ಜೋಳದ ಹೊಲ ಬಿಟ್ಟು ಬೇರೇನೂ ಕಾಣದು, ಆಗ ಷಿಕಾಗೋದವರ ಮಾತೇ ನಿಜವಾಗುತ್ತದೆ.

ಶಿಂಷಾತೀರ:

ಎಲ್ಲರಿಗೂ ಕೃತಜ್ಞತೆಗಳು. ಮಾರ್ಚ್ 19ರಿಂದ ಐದು ದಿನ ನೆಬ್ರಾಸ್ಕಾ ಎಂದು ತೀರ್ಮಾನಿಸಿದ್ದೇವೆ, ಆ ಬಾರಿ ಬೇರೆ ರಾಜ್ಯವಿಲ್ಲ. ಮೇ ತಿಂಗಳಿಗೆ ಅಟ್ಲಾಂಟಾದಿಂದ ಮೆಂಫಿಸ್. ನ್ಯೂ ಮೆಕ್ಸಿಕೋ ಸೆಪ್ಟೆಂಬರಿಗೆ. ಐಡಾಹೋದ ಪಿನ್ನನ್ನು ಮಗನೇ ಕಿತ್ತಿದ್ದಾನೆ. ಮೊಂಟಾನಾದ್ದನ್ನು ಕೀಳಲು ಯಜಮಾನರು ಇನ್ನೂ ಒಪ್ಪಿಲ್ಲ.

ಫೋನಿನಲ್ಲಿ ಅಪ್ಪನಿಗೆ ತಿಳಿಸಿದಾಗ ಅವರು ಕೇಳಿದ ಪ್ರಶ್ನೆಯನ್ನು ಲಿಂಕನ್‌ನವರಿಗೆ ದಾಟಿಸುತ್ತಿದ್ದೇನೆ. ನಮ್ಮೂರಿನ ಕಡೆ ಕೊಕ್ಕರೆಗಳು ಊರೊಳಗಿನ ಹುಣಸೆ ಮರದ ಮೇಲೆ ಗೂಡು ಕಟ್ಟಿ ಅಲ್ಲೇ ಮಲಗುತ್ತವೆ. ಇವು ಅಷ್ಟು ಚಳಿಯಲ್ಲಿ ನೀರಿನೊಳಗೆ ನಿಂತೇಕೆ ರಾತ್ರಿ ಕಳೆಯುತ್ತವೆ?

ಮುಂಗಾರು:

ಮೇಷ್ಟರಿಗೆ ನಮಸ್ಕಾರ ತಿಳಿಸಿ. ಈ ಹಕ್ಕಿಯ ಹಿಂಬೆರಳು ಚಿಕ್ಕದು, ಉಳಿದ ಬೆರಳುಗಳಿಗಿಂತ ಸ್ವಲ್ಪ ಮೇಲಕ್ಕೆ ಇರುವುದರಿಂದ ಕೊಂಬೆಯನ್ನು ಹಿಡಿದು ಕೂರಲು ಬರುವುದಿಲ್ಲ. ನೆಲದ ಮೇಲೆ ಮಲಗಿದರೆ ತೋಳದ ಜಾತಿಯ ಕೈಯೋಟಿಗಳ ಭಯ. ಕೆಲವೇ ಅಂಗುಲ ಆಳದ ನೀರಿನಲ್ಲಿ ನಿಂತರೆ, ಯಾವ ಪ್ರಾಣಿ ಹತ್ತಿರ ಬಂದರೂ ನೀರು ಕಲಕಿದ ಸದ್ದು ಮೊದಲು ಕೇಳಿಸುತ್ತದೆ. ಬೆಳಗಿನ ಹೊತ್ತು ನೀರು ಹೆಪ್ಪುಗಟ್ಟುವಷ್ಟು ಚಳಿಯಿರಬಹುದು, ಅವರಿಗೆ ಉಣ್ಣೆಯ ಟೋಪಿ ಮತ್ತು ಎರಡು ಜೊತೆ ದಪ್ಪ ಕಾಲುಚೀಲ ಮರೆಯದೆ ತನ್ನಿ.