‘ಹೆಚ್ಚುಕಡಿಮೆ’, ‘ಕಡಿತ’, ‘ಮುರಿದುಕೊಳ್ಳು’: ಸಂಬಳದ ಚೀಟಿಗೆ ಯಾವುದು ಸರಿ?

ನಮಸ್ಕಾರ. ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವನು ನಾನು. ಮಾರ್ಚ್ ಮೊದಲ ವಾರ ಸೂಚನಾ ಫಲಕಕ್ಕೆ ಎರಡು ಸಾಲು ಬರೆದು ಅಂಟಿಸಿದೆ: ‘ಫೆಬ್ರುವರಿ ಸಂಬಳದಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾಗಿದೆ. ಗಾಬರಿ ಬೇಡ.’ ಊಟದ ಬಿಡುವಿಗೆ ನನ್ನ ಮೇಜಿನ ಮುಂದೆ ಹತ್ತು ಜನ! ನಾನು ಬರೆದದ್ದು ವ್ಯತ್ಯಾಸ ಎಂಬ ಅರ್ಥದಲ್ಲಿ. ಅವರು ಓದಿಕೊಂಡದ್ದು ‘ನಾಳೆ ಏನಾದರೂ ಹೆಚ್ಚುಕಡಿಮೆ ಆದರೆ ಯಾರು ಹೊಣೆ’ ಎನ್ನುವಾಗಿನ ಹೆಚ್ಚುಕಡಿಮೆಯನ್ನು.

ನಡೆದದ್ದು ಇಷ್ಟೇ. ತಿಂಗಳ ಸಂಬಳ ₹25,000 ಮುಟ್ಟಿದವರಿಗೆ ಕರ್ನಾಟಕದಲ್ಲಿ ವೃತ್ತಿ ತೆರಿಗೆ ₹200. 2025ರ ಏಪ್ರಿಲ್‌ನಿಂದ ಜಾರಿಯಾದ ತಿದ್ದುಪಡಿಯಂತೆ ಫೆಬ್ರುವರಿಗೆ ಮಾತ್ರ ₹300. ವರ್ಷದ ಮೊತ್ತ ₹2,500 ಆಗಲೆಂದು. ಸಂಬಳ ಒಂದು ತಿಂಗಳು 25,000 ದಾಟಿ, ಮರುತಿಂಗಳು ಕೆಳಗಿಳಿಯುವವರಿಗೆ ಆ ಇನ್ನೂರು ಒಮ್ಮೆ ಹೋಗುತ್ತದೆ, ಒಮ್ಮೆ ಉಳಿಯುತ್ತದೆ.

ಹಿರಿಯ ಫಿಟ್ಟರ್ ಒಬ್ಬರು ಜನವರಿ, ಫೆಬ್ರುವರಿ ಚೀಟಿಗಳನ್ನು ಜೋಡಿಸಿಟ್ಟು, ಎಣ್ಣೆ ಮೆತ್ತಿದ ಬೆರಳನ್ನು ಆ ಸಾಲಿನ ಮೇಲೆ ಊರಿ ಕೇಳಿದರು: ‘ಈ ನೂರು ರೂಪಾಯಿ ಯಾತಕ್ಕೆ ಮುರಿದುಕೊಂಡಿರಿ ಸಾರ್? ನಾನು ಮುಂಗಡ ತೆಗೆದುಕೊಂಡಿಲ್ಲವಲ್ಲ.’

ಆ ಪ್ರಶ್ನೆಯೇ ನನ್ನನ್ನು ಇಲ್ಲಿಗೆ ಅಟ್ಟಿತು. ಅವರ ಬಾಯಲ್ಲಿ ‘ಮುರಿದುಕೊಳ್ಳುವುದು’ ಕೊಟ್ಟದ್ದನ್ನು ವಾಪಸು ಪಡೆಯುವುದಕ್ಕೆ ಮಾತ್ರ. ಭವಿಷ್ಯ ನಿಧಿಯ ಶೇ 12ಕ್ಕೆ ಅದೇ ಜನ ‘ಪಿ.ಎಫ್. ಹಿಡಿಯುತ್ತಾರೆ’ ಎನ್ನುತ್ತಾರೆ, ಹಿಡಿದದ್ದು ಎಂದೋ ಒಂದು ದಿನ ಕೈಗೆ ಬರುತ್ತದೆ. ಹಾಗಾದರೆ ಮರಳಿ ಬಾರದ ತೆರಿಗೆಗೆ? ‘ಕಡಿತ’ ಎಂದು ಅಚ್ಚು ಹಾಕಿಸಿದ್ದೇವೆ, ಆದರೆ ಪತ್ರಿಕೆಯ ‘ವೇತನ ಕಡಿತ’ದ ಭಯ ಅದರ ಬೆನ್ನಿಗಿದೆ. (ಹಾವಿನ ಕಡಿತವೂ ಅದೇ ಪದ, ಬಿಡಿ.) ಹಳೆಯ ಲೆಕ್ಕದ ‘ವಜಾ’ ಚೊಕ್ಕ ಪದ, ಸಂಬಳದ ಚೀಟಿಯಲ್ಲಿ ಅದನ್ನು ಕಂಡವನು ಮಾತ್ರ ಕೆಲಸವೇ ಹೋಯಿತೆಂದುಕೊಂಡಾನು. ಸರ್ಕಾರಿ ಕಚೇರಿಗಳ ‘ಕಟಾವಣೆ’ ನಮ್ಮ ಮಂಡ್ಯದ ಹುಡುಗರಿಗೆ ಕಬ್ಬನ್ನು ನೆನಪಿಸುತ್ತದೆ.

ಕೊನೆಯ ಸಾಲಿನ ‘ನಿವ್ವಳ ವೇತನ’ವನ್ನು ‘ಕೈಗೆ ಬರುವ ಸಂಬಳ’ ಎಂದು ಈಗಾಗಲೇ ಬದಲಿಸಿದ್ದೇನೆ, ಅದರಲ್ಲಿ ನನಗೆ ಅನುಮಾನವಿಲ್ಲ. ನನ್ನ ಪ್ರಶ್ನೆ ತೆರಿಗೆಯ ಸಾಲಿನದು. ‘ಪಗಾರ’ ಎನ್ನುವ ಕಡೆಯವರು ಅದಕ್ಕೆ ಯಾವ ಕ್ರಿಯಾಪದ ಬಳಸುತ್ತೀರಿ? ‘ಮುರಿ’, ‘ಹಿಡಿ’ಗಳ ನಡುವಿನ ಈ ಭೇದ ನಿಮ್ಮಲ್ಲೂ ಇದೆಯೇ, ಅಥವಾ ಅದು ನಮ್ಮ ಫಿಟ್ಟರ್ ಒಬ್ಬರದೇ ವ್ಯಾಕರಣವೇ?